ಹಸಿರು ಚುಕ್ಕಿಗೆ ಹೆಸರಿಟ್ಟವರು ಯಾರು?

1/8

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಮಲೆನಾಡಿನ ಒಂದು ಗುಡ್ಡ, ಉಪಗ್ರಹದಿಂದ ತೆಗೆದದ್ದು. ಪೂರ್ತಿ ಹಸಿರು. ಈಗ ಹೇಳಿ, ಇದು ಕಾಡಾ, ಕಾಫಿ ತೋಟಾನಾ?

ಕಾಮೆಂಟಲ್ಲಿ ಉತ್ತರ ಹಾಕೋ ಆತುರ ಬೇಡ. ಇದು ಆಟದ ಪ್ರಶ್ನೆ ಅಲ್ಲ. ನಮ್ಮ ಎಷ್ಟೋ ಕ್ಲಾಸ್‌ಮೇಟ್‌ಗಳ ಮನೆ, ತೋಟ, ದರಖಾಸ್ತು ಜಮೀನು ಇದೇ ಪ್ರಶ್ನೆಯ ಮೇಲೆ ನಿಂತಿದೆ. ಕಾಡು ಅಂದ್ರೆ ಒಂದು ಕಾನೂನು, ತೋಟ ಅಂದ್ರೆ ಇನ್ನೊಂದು. ಕೆಲವು ಸಲ ಆ ತೀರ್ಮಾನ ಶುರುವಾಗೋದೇ ಆಕಾಶದಿಂದ ತೆಗೆದ ಒಂದು ಚಿತ್ರದಿಂದ.

ಉಪಗ್ರಹ ಚಿತ್ರ ಅಂದ ಕೂಡ್ಲೇ ನಾವು ಸುಮ್ಮನಾಗಿಬಿಡ್ತೀವಿ. "ಸ್ಯಾಟಲೈಟೇ ಹೇಳಿದ ಮೇಲೆ ಮುಗೀತು" ಅನ್ನೋ ಭಾವನೆ. ಆದ್ರೆ ಸ್ಯಾಟಲೈಟ್ ಏನೂ ಹೇಳಲ್ಲ. ಅದು ಬೆಳಕು ಅಳೆಯುತ್ತೆ, ಅಷ್ಟೇ. "ಇದು ಕಾಡು", "ಇದು ಒತ್ತುವರಿ", "ಇದು ಪಾಳು" ಅಂತ ಹೆಸರಿಡೋದು ಮನುಷ್ಯ, ಇಲ್ಲಾ ಮನುಷ್ಯ ಬರೆದ ಪ್ರೋಗ್ರಾಂ.

ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟು: ಆ ಹೆಸರಿನಿಂದ ಒಂದು ಊರಿನ ಬದುಕು ಬದಲಾಗೋದಾದ್ರೆ ಚಿತ್ರವನ್ನೂ, ಅದರ ತಾರೀಖನ್ನೂ, ಹೆಸರಿಟ್ಟ ಲೆಕ್ಕವನ್ನೂ ಆ ಊರಿನವರ ಮುಂದೆ ಇಡಲೇಬೇಕು. ಅದನ್ನ ಓದೋದು ನಾವೂ ಕಲೀಬೇಕು.

ಸೇವ್ ಮಾಡ್ಕೊಳ್ಳಿ, ಸ್ವಲ್ಪ ಉದ್ದ ಇದೆ.

2/8: ಪಿಕ್ಸೆಲ್ ಲೆಕ್ಕ, ಗುಂಟೆಯಲ್ಲಿ

ಉಪಗ್ರಹದ ಚಿತ್ರ ಅಂದ್ರೆ ಸಾಲಾಗಿ ಜೋಡಿಸಿದ ಚುಕ್ಕಿಗಳು. ಒಂದು ಚುಕ್ಕಿ ಅಂದ್ರೆ ಒಂದು ಪಿಕ್ಸೆಲ್. ಅದರೊಳಗೆ ಮನೆ, ಬಾವಿ, ಮರ ಏನೇ ಇದ್ರೂ ಎಲ್ಲಾ ಮಿಕ್ಸಿಗೆ ಹಾಕಿ ತಿರುಗಿಸಿದ ಹಾಗೆ ಒಂದೇ ಬಣ್ಣ ಬರುತ್ತೆ. ಹಾಗಾಗಿ ಮೊದಲು ಕೇಳಬೇಕಾದ್ದು: ಒಂದು ಚುಕ್ಕಿ ಅಂದ್ರೆ ನೆಲದ ಮೇಲೆ ಎಷ್ಟು ಜಾಗ?

ಮೀಟರಲ್ಲಿ ಹೇಳಿದ್ರೆ ತಲೆಗೆ ಹತ್ತಲ್ಲ. ಗುಂಟೆಯಲ್ಲಿ ನೋಡೋಣ. ಒಂದು ಗುಂಟೆ ಅಂದ್ರೆ ಸುಮಾರು 101 ಚದರ ಮೀಟರ್, 40 ಗುಂಟೆ ಒಂದು ಎಕರೆ.

• 1988ರಲ್ಲಿ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಒಂದು ಕ್ಯಾಮೆರಾ: ಪಿಕ್ಸೆಲ್ 72.5 ಮೀಟರ್. ಒಂದು ಚುಕ್ಕಿ ಅಂದ್ರೆ ಸುಮಾರು 52 ಗುಂಟೆ. ಒಂದೂಕಾಲು ಎಕರೆಗಿಂತ ಜಾಸ್ತಿ!
• ಲಿಸ್-3 ಕ್ಯಾಮೆರಾ: 23.5 ಮೀಟರ್. ಒಂದು ಚುಕ್ಕಿ ಸುಮಾರು ಐದೂವರೆ ಗುಂಟೆ. ಒಂಬತ್ತಡಿಗೆ ಒಂದರಂತೆ ನೆಟ್ರೆ ಸುಮಾರು 75 ಅಡಿಕೆ ಮರ ಹಿಡಿಯೋ ಜಾಗ.
• ಯುರೋಪಿನ ಸೆಂಟಿನೆಲ್-2: 10 ಮೀಟರ್. ಒಂದು ಚುಕ್ಕಿಗೆ ಹತ್ತಿರ ಹತ್ತಿರ ಒಂದು ಗುಂಟೆ. ಇದು ಯಾರಿಗೆ ಬೇಕಾದ್ರೂ ಉಚಿತ.
• 2014ರ ವರ್ಲ್ಡ್‌ವ್ಯೂ-3: 31 ಸೆಂಟಿಮೀಟರ್. ಒಂದು ಅಡಿ.
• 2019ರ ನವೆಂಬರಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-3: ಸುಮಾರು 25 ಸೆಂಟಿಮೀಟರ್. ಒಂದು ಗೇಣಿಗಿಂತ ಚೂರು ಜಾಸ್ತಿ.

ಅಂದ್ರೆ ಲಿಸ್-3 ಒಂದೇ ಬಣ್ಣ ಬಳಿದ ಐದೂವರೆ ಗುಂಟೆಯಲ್ಲಿ ಕಾರ್ಟೋಸ್ಯಾಟ್-3ಕ್ಕೆ ಸುಮಾರು 8,800 ಚುಕ್ಕಿಗಳು ಕಾಣಿಸುತ್ವೆ.

ಹಾಗಾದ್ರೆ ಎಲ್ಲದಕ್ಕೂ ಸೂಕ್ಷ್ಮ ಚಿತ್ರವನ್ನೇ ಬಳಸಬಾರದಾ? ತೊಡಕು ಇಲ್ಲಿದೆ. ಲಿಸ್-3 ಒಂದು ಸಲಕ್ಕೆ ಸುಮಾರು 140 ಕಿ.ಮೀ. ಅಗಲದ ಪಟ್ಟಿ ನೋಡುತ್ತೆ, ಕಾರ್ಟೋಸ್ಯಾಟ್-3 ನೋಡೋದು ಸುಮಾರು 16 ಕಿ.ಮೀ. ಅದಕ್ಕೇ ಇಡೀ ಪಶ್ಚಿಮ ಘಟ್ಟ, ಇಡೀ ದೇಶ ಅಂತ ನಕ್ಷೆ ಮಾಡುವಾಗ ದೊಡ್ಡ ಚುಕ್ಕಿಯ ಚಿತ್ರ ಬಳಸ್ತಾರೆ. ಅದು ತಪ್ಪಲ್ಲ. ಆದ್ರೆ ದೊಡ್ಡ ಚುಕ್ಕಿಯಲ್ಲಿ ಮಾಡಿದ ನಕ್ಷೆ ಹಿಡ್ಕೊಂಡು ಸಣ್ಣ ಹಿಡುವಳಿಯ ಹಣೆಬರಹ ಬರೆಯೋಕೆ ಹೋದ್ರೆ ತಪ್ಪು.

3/8: ಎಲೆ ಇದೆ ಅನ್ನುತ್ತೆ, ಯಾರ ಎಲೆ ಅನ್ನಲ್ಲ

ಹಸಿರನ್ನ ಲೆಕ್ಕ ಹಾಕೋದು ಹೇಗೆ ಗೊತ್ತಾ? ಆರೋಗ್ಯವಾಗಿರೋ ಎಲೆ ಕೆಂಪು ಬೆಳಕನ್ನ ನುಂಗುತ್ತೆ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನ ಜೋರಾಗಿ ವಾಪಸ್ ಕಳಿಸುತ್ತೆ. ಈ ಎರಡರ ವ್ಯತ್ಯಾಸವನ್ನ ಎರಡರ ಮೊತ್ತದಿಂದ ಭಾಗಿಸಿದ್ರೆ ಬರೋ ಸಂಖ್ಯೆಯೇ ಎನ್‌ಡಿವಿಐ. 1ರ ಕಡೆಗೆ ಹೋದಷ್ಟೂ ದಟ್ಟ ಹಸಿರು.

ತುಂಬಾ ಒಳ್ಳೆಯ ಉಪಾಯ. ಬರಗಾಲದಲ್ಲಿ ಬೆಳೆ ಒಣಗಿದ್ದನ್ನ, ಕಾಡಿಗೆ ಬೆಂಕಿ ಬಿದ್ದದ್ದನ್ನ ಇದರಿಂದ ಕಂಡುಹಿಡೀಬಹುದು. ಆದ್ರೆ ಮಲೆನಾಡಿನಲ್ಲಿ ಒಂದು ಫಜೀತಿ ಇದೆ. ನಮ್ಮ ಕಾಫಿ ಬೆಳೆಯೋದು ಮರದ ನೆರಳಲ್ಲಿ. ಏಲಕ್ಕಿಯೂ ಹಾಗೇ. ಮೇಲಿಂದ ನೋಡಿದ್ರೆ ಕಾಣೋದು ಹಲಸು, ಅತ್ತಿ, ನಂದಿ, ಹೊನ್ನೆ ಮರಗಳ ನೆತ್ತಿ. ಕೆಳಗಿರೋ ಕಾಫಿ ಗಿಡ ಕಾಣಲ್ಲ, ಬುಡದಲ್ಲಿ ಬೆವರು ಸುರಿಸ್ತಿರೋರು ಮೊದಲೇ ಕಾಣಲ್ಲ. ಎನ್‌ಡಿವಿಐ ಕಾಡಿಗೂ ಜಾಸ್ತಿ, ತೋಟಕ್ಕೂ ಜಾಸ್ತಿ.

ಸೂಕ್ಷ್ಮ ಚಿತ್ರ ಕೈಗೆ ಸಿಕ್ರೆ ಗುರುತು ಸಿಗೋಕೆ ಶುರುವಾಗುತ್ತೆ. ಮೂರನೇ ಫೋಟೋ ನೋಡಿ, ಅದೇ ಗುಡ್ಡ. ಎಡಗಡೆ ಸಾಲು ಹಿಡಿದು ನಿಂತ ಮರಗಳು: ಸಿಲ್ವರ್ ಓಕ್. ಕೆಳಗೆ ನಕ್ಷತ್ರದ ಹಾಗೆ ಗರಿ ಬಿಚ್ಚಿದ ಸಣ್ಣ ಸಣ್ಣ ನೆತ್ತಿಗಳು: ಅಡಿಕೆ. ನಡುವೆ ಬೋಳಾಗಿ ಕಾಣೋ ಚೌಕ ಕಾಫಿ ಒಣಗಿಸೋ ಕಣ. ಪಕ್ಕದಲ್ಲಿ ಉದ್ದುದ್ದ ಚಾವಣಿ, ಲೈನ್ ಮನೆಗಳು. ಬಲಗಡೆ ನೋಡಿ, ಒಂದು ನೆತ್ತಿ ದೊಡ್ಡದು, ಒಂದು ಸಣ್ಣದು, ಹೂಕೋಸಿನ ಹಾಗೆ ಉಬ್ಬುತಗ್ಗು, ಸಾಲೂ ಇಲ್ಲ, ದಾರಿಯೂ ಇಲ್ಲ. ಅದು ಕಾಡು. ಸೋ, ಮೊದಲ ಪ್ರಶ್ನೆಗೆ ಉತ್ತರ: ಎರಡೂ.

ಆದ್ರೂ ಹುಷಾರು. ಹಳೇ ಕಾಡುಮರಗಳನ್ನೇ ನೆರಳಿಗೆ ಉಳಿಸಿಕೊಂಡ ತೋಟ ಆದ್ರೆ ಗೇಣುದ್ದದ ಪಿಕ್ಸೆಲ್ಲೂ ಸೋಲುತ್ತೆ. ಅಲ್ಲಿ ಒಂದೇ ದಾರಿ: ಇಳಿದು ಹೋಗಿ ನೋಡೋದು.

4/8: ಕಸ್ತೂರಿರಂಗನ್ ವರದಿ, ಚುಕ್ಕಿಯ ಕಣ್ಣಿನಿಂದ

ಮಲೆನಾಡು, ಕೊಡಗಿನಲ್ಲಿ ಬೆಳೆದವರು ಈ ಹೆಸರು ಕೇಳದೇ ಇರಲ್ಲ. 2013ರಲ್ಲಿ ಬಂದ ವರದಿ. ಪಶ್ಚಿಮ ಘಟ್ಟದ ಸುಮಾರು 37% ಭಾಗವನ್ನ, ಅಂದಾಜು 60,000 ಚದರ ಕಿ.ಮೀ.ಯನ್ನ, ಪರಿಸರ ಸೂಕ್ಷ್ಮ ಪ್ರದೇಶ ಮಾಡಬೇಕು ಅಂತ ಹೇಳಿತು. ಕರ್ನಾಟಕದ ಪಾಲು 20,668 ಚದರ ಕಿ.ಮೀ.

ಭಾಷಣಗಳಲ್ಲಿ ಕೇಳದ ವಿಷಯ ಒಂದಿದೆ. ಆ ಗಡಿ ಹುಟ್ಟಿದ್ದು ಹೆಚ್ಚಾಗಿ ಉಪಗ್ರಹ ಚಿತ್ರದಿಂದ, ಅದೂ ಮೇಲೆ ಹೇಳಿದ ಐದೂವರೆ ಗುಂಟೆ ಚುಕ್ಕಿಯ ಲಿಸ್-3 ಚಿತ್ರದಿಂದ. ಘಟ್ಟವನ್ನ ಸಹಜ ಭೂದೃಶ್ಯ, ಮನುಷ್ಯ ಬಳಸೋ ಭೂದೃಶ್ಯ ಅಂತ ಎರಡು ಮಾಡಿದ್ರು. ಒಂದು ಹಳ್ಳಿಯಲ್ಲಿ ಸೂಕ್ಷ್ಮ ಅಂತ ಗುರುತಾದ ಭಾಗ 20% ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಇಡೀ ಹಳ್ಳಿ ಪಟ್ಟಿಗೆ ಬಂತು.

"ನಮ್ಮ ತೋಟವನ್ನ ಕಾಡು ಅಂತ ಬರೆದಿದ್ದಾರೆ" ಅನ್ನೋ ಸಿಟ್ಟು ಕೊಡಗು, ಚಿಕ್ಕಮಗಳೂರು, ಹಾಸನ ಕಡೆ ಎದ್ದದ್ದು ಅದಕ್ಕೇ. ಆ ಸಿಟ್ಟಿನಲ್ಲಿ ರಾಜಕೀಯ ಇಲ್ವಾ? ಇದೆ. ಗಣಿ, ಕ್ವಾರಿ ಲಾಭ ಇಲ್ವಾ? ಅದೂ ಇದೆ. ಆದ್ರೆ ಪ್ರಶ್ನೆ ಮಾತ್ರ ನ್ಯಾಯವಾದದ್ದು: ನೆರಳಿನ ತೋಟವನ್ನೂ ಕಾಡನ್ನೂ ಆ ಚುಕ್ಕಿಯಲ್ಲಿ ಬೇರೆ ಮಾಡೋಕೆ ಆಗುತ್ತಾ?

ಕೇರಳ ಏನು ಮಾಡಿತು ನೋಡಿ. ಊರೂರಿನ ಮಟ್ಟದಲ್ಲಿ ಪರಿಶೀಲನೆ ಮಾಡಿ, ತನ್ನ ಪಾಲಿನ 13,108 ಚದರ ಕಿ.ಮೀ. ಅನ್ನೋ ಲೆಕ್ಕವನ್ನ 9,993.7ಕ್ಕೆ ಇಳಿಸಿ ಕೊಟ್ಟಿತು. ಅದರಲ್ಲೂ ಒತ್ತಡ ಇದ್ದಿರಬಹುದು, ಚರ್ಚೆ ಮಾಡೋಣ. ಆದ್ರೆ "ನಿಮ್ಮ ಗೆರೆ ಇಲ್ಲಿ ಸರಿಯಿಲ್ಲ, ನಮ್ಮ ಗೆರೆ ಇದು" ಅಂತ ನಕ್ಷೆಗೆ ನಕ್ಷೆಯಿಂದಲೇ ಉತ್ತರ ಕೊಟ್ಟಿತು. ನಮ್ಮಲ್ಲಿ ಮಾತು ಹೆಚ್ಚಾಗಿ "ಬೇಕು–ಬೇಡ"ದಲ್ಲೇ ನಿಂತಿದೆ. 2024ರ ಸೆಪ್ಟೆಂಬರಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನೇ ತಿರಸ್ಕರಿಸಿತು. ಗೆರೆ ಎಲ್ಲಿ ತಪ್ಪಿದೆ, ಎಲ್ಲಿ ಸರಿಯಿದೆ ಅನ್ನೋ ಪ್ರಶ್ನೆ ಹಾಗೇ ಉಳೀತು.

5/8: ಇದೇ ಚುಕ್ಕಿ ಕಾಡಿಗೂ ಮೋಸ ಮಾಡುತ್ತೆ

ತೋಟದವರ ಪರ ಮಾತಾಡ್ತಿದ್ದಾಳೆ ಅಂತ ಅನ್ಕೊಂಡ್ರಾ? ಸ್ವಲ್ಪ ತಡೀರಿ. ಇದೇ ಮಸುಕು ಇನ್ನೊಂದು ಕಡೆಗೂ ಹೊಡೆಯುತ್ತೆ.

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಎರಡು ವರ್ಷಕ್ಕೊಮ್ಮೆ ದೇಶದ ಅರಣ್ಯ ಹೊದಿಕೆಯ ಲೆಕ್ಕ ಕೊಡುತ್ತೆ. ಇದೂ ಲಿಸ್-3 ಚಿತ್ರವನ್ನ ನೆಚ್ಚಿಕೊಂಡು ಬಂದ ಲೆಕ್ಕವೇ. ಅಲ್ಲಿ ಅರಣ್ಯ ಹೊದಿಕೆ ಅಂದ್ರೆ ಏನು? ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗ, ಮರದ ನೆತ್ತಿ 10%ಗಿಂತ ಹೆಚ್ಚು ಮುಚ್ಚಿರಬೇಕು. ಜಮೀನು ಯಾರದ್ದು, ಮರ ಯಾವುದು, ಕೇಳೋ ಹಾಗಿಲ್ಲ. ಮಾವಿನ ತೋಪು, ತೆಂಗಿನ ತೋಟ, ಕಾಫಿ ಎಸ್ಟೇಟು, ನೀಲಗಿರಿ, ಅಕೇಶಿಯಾ ನೆಡುತೋಪು ಎಲ್ಲಾ "ಅರಣ್ಯ ಹೊದಿಕೆ"ಗೆ ಬರಬಹುದು.

ಇದರಲ್ಲಿ ಮುಚ್ಚುಮರೆ ಇಲ್ಲ, ವರದಿಯಲ್ಲೇ ಬರೆದಿರ್ತಾರೆ. ಆದ್ರೆ ಪೇಪರಲ್ಲಿ ಬರೋ ಹೆಡ್‌ಲೈನ್ ಮಾತ್ರ "ಅರಣ್ಯ ಹೆಚ್ಚಳ". ಊಹಿಸ್ಕೊಳ್ಳಿ: ಒಂದು ಕಡೆ ನೂರಾರು ಜಾತಿಯ ಮರ ಇದ್ದ ಸಹಜ ಕಾಡು ಹೋಯ್ತು, ಇನ್ನೊಂದು ಕಡೆ ಅಷ್ಟೇ ಜಾಗದಲ್ಲಿ ಅಕೇಶಿಯಾ ಎದ್ದಿತು. ಲೆಕ್ಕದಲ್ಲಿ ನಷ್ಟವೇ ಇಲ್ಲ. ಹಸಿರು ಹಾಗೇ ಇದೆ. ಸಿಂಗಳೀಕಕ್ಕೆ, ಮಂಗಟ್ಟೆ ಹಕ್ಕಿಗೆ ಹೋಗಿ ಕೇಳಿ, ಹಾಗೇ ಇದೆಯಾ ಅಂತ.

ಇನ್ನೊಂದು ಉಲ್ಟಾ ಕಥೆ ಹುಲ್ಲುಗಾವಲಿನದು. ಕುದುರೆಮುಖದ, ಮುಳ್ಳಯ್ಯನಗಿರಿಯ ಬೆಟ್ಟದ ನೆತ್ತಿ ಬೋಳಾಗಿರೋದು ಕಾಡು ಕಡಿದು ಅಲ್ಲ. ಶೋಲಾ ಕಾಡಿನ ಜೊತೆ ಹುಲ್ಲುಗಾವಲು ಅಲ್ಲಿ ಸಹಜವಾಗೇ ಇದೆ. ಮಳೆನೀರು ಹಿಡಿದಿಟ್ಟು ಹೊಳೆಗೆ ಬಿಡೋದ್ರಲ್ಲಿ ಅದರ ಪಾಲೂ ದೊಡ್ಡದು. ಆದ್ರೆ ಮರದ ನೆತ್ತಿ ಇಲ್ಲದ ಕಾರಣ ಈ ಅಳತೆಯಲ್ಲಿ ಅದು ಅರಣ್ಯ ಹೊದಿಕೆ ಅಲ್ಲ. ಅಲ್ಲಿ ತಂದು ನೀಲಗಿರಿ ನೆಟ್ಟರೆ? ಅರಣ್ಯ ಹೊದಿಕೆ! ಕೆಡಿಸಿದ್ದು ಲೆಕ್ಕದಲ್ಲಿ ಲಾಭ.

ಒಂದೇ ಮಸುಕು ಚುಕ್ಕಿ ರೈತನ ತೋಟವನ್ನ ಕಾಡು ಅನ್ನುತ್ತೆ, ಕಾಡು ಹೋದದ್ದನ್ನ ಮುಚ್ಚಿಡುತ್ತೆ. ಪರಿಸರದವರು, ಬೆಳೆಗಾರರು ಒಬ್ಬರ ಮೇಲೊಬ್ಬರು ಕೂಗಾಡೋ ಬದಲು ಇಬ್ಬರೂ ಸೇರಿ "ಸ್ಪಷ್ಟವಾದ ಚಿತ್ರ ಕೊಡಿ" ಅಂತ ಕೇಳ್ಬೇಕಿತ್ತು.

6/8: 1930ರ ಫೋಟೋ ಎಲ್ಲಿಂದ ತರೋದು?

ಈಗ ಅತಿ ನೋವಿನ ಭಾಗ. ಅರಣ್ಯ ಹಕ್ಕು ಕಾಯ್ದೆ, 2006. ಕಾಡಿನಲ್ಲಿ ತಲೆಮಾರುಗಳಿಂದ ಬದುಕ್ತಿರೋರಿಗೆ ಹಕ್ಕು ಕೊಡೋ ಕಾನೂನು. 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಇರಬೇಕು ಅನ್ನೋದು ಷರತ್ತು. ಬುಡಕಟ್ಟಿಗೆ ಸೇರದ ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದ್ರೆ ಅದಕ್ಕೂ 75 ವರ್ಷ ಹಿಂದಿನಿಂದ ಇರೋದಕ್ಕೆ ಪುರಾವೆ ಕೊಡಬೇಕು.

ಲೆಕ್ಕ ಹಾಕಿ. 75 ವರ್ಷ ಹಿಂದೆ ಅಂದ್ರೆ 1930. ಮೊದಲ ಉಪಗ್ರಹ ಸ್ಪುಟ್ನಿಕ್ ಹಾರಿದ್ದೇ 1957ರಲ್ಲಿ. ಭೂಮಿಯ ಚಿತ್ರ ತೆಗೆಯೋ ಮೊದಲ ಲ್ಯಾಂಡ್‌ಸ್ಯಾಟ್ 1972ರಲ್ಲಿ. ನಮ್ಮ ಐಆರ್‌ಎಸ್-1ಎ 1988ರಲ್ಲಿ, ಅದರ ಒಂದು ಚುಕ್ಕಿ 52 ಗುಂಟೆ. ಇಪ್ಪತ್ತು ಗುಂಟೆ ಗದ್ದೆ, ಒಂದು ಹುಲ್ಲಿನ ಮನೆ ಅದರಲ್ಲಿ ಕಾಣೋದುಂಟಾ? "ಹಳೇ ಚಿತ್ರದಲ್ಲಿ ಕಾಣಲಿಲ್ಲ" ಅನ್ನೋದೂ "ಅಲ್ಲಿ ಇರಲಿಲ್ಲ" ಅನ್ನೋದೂ ಒಂದೇ ಅಲ್ಲ. ಈ ಒಂದು ವಾಕ್ಯ ಮಾತ್ರ ನೆನಪಿಟ್ಕೊಂಡ್ರೂ ಸಾಕು.

ಕಾನೂನಿಗೂ ಇದು ಗೊತ್ತು. 2012ರಲ್ಲಿ ತಿದ್ದುಪಡಿಯಾದ ನಿಯಮ ಸ್ಪಷ್ಟವಾಗಿದೆ: ಉಪಗ್ರಹ ಚಿತ್ರ ಬೇರೆ ಪುರಾವೆಗಳಿಗೆ ಪೂರಕ ಆಗಬಹುದು, ಅವುಗಳ ಜಾಗಕ್ಕೆ ಬರೋ ಹಾಗಿಲ್ಲ. ಊರಿನ ಹಿರಿಯರ ಹೇಳಿಕೆ, ಹಳೇ ಬಾವಿ, ಸಮಾಧಿ, ದೇವರ ಬನ ಇವೂ ಪುರಾವೆ.

ಆದ್ರೂ ಭಯ ಹೋಗಿಲ್ಲ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತರಾದವರನ್ನ ತೆರವು ಮಾಡೋ ಬಗ್ಗೆ ಆದೇಶ ಕೊಟ್ಟಾಗ ಒತ್ತುವರಿಯ ಉಪಗ್ರಹ ಸಮೀಕ್ಷೆಯನ್ನೂ ಕೇಳಿತ್ತು. ಎರಡೇ ವಾರದಲ್ಲಿ ಆ ತೆರವಿನ ಆದೇಶಕ್ಕೆ ತಡೆ ಬಂತು. ಆ ಎರಡು ವಾರ ದೇಶದ ಲಕ್ಷಾಂತರ ಮನೆಗಳಲ್ಲಿ ಹೇಗಿದ್ದಿರಬೇಕು ಅಂತ ಒಂದ್ಸಲ ಯೋಚಿಸಿ.

7/8: ಹಾಗಂತ ಉಪಗ್ರಹ ಬೇಡ ಅಂತಲ್ಲ

ಖಂಡಿತಾ ಅಲ್ಲ. 2024ರ ಜುಲೈ 30, ವಯನಾಡು. ಬೆಳಗಿನ ಜಾವ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದವು. ಮೇಲೆ ಮಳೆಮೋಡ. ಮಾಮೂಲಿ ಕ್ಯಾಮೆರಾಕ್ಕೆ ಮೋಡ ಬಿಟ್ಟು ಏನೂ ಕಾಣಲ್ಲ. ಇಸ್ರೋದ ರಿಸ್ಯಾಟ್ ಉಪಗ್ರಹ ರೇಡಾರ್ ಅಲೆಗಳಿಂದ ಮೋಡ ದಾಟಿ ನೋಡಿತು. ಆ ಚಿತ್ರವನ್ನ 2023ರ ಮೇ ತಿಂಗಳ ಕಾರ್ಟೋಸ್ಯಾಟ್-3 ಚಿತ್ರದ ಪಕ್ಕ ಇಟ್ಟಾಗ ಸುಮಾರು 86,000 ಚದರ ಮೀಟರ್ ಗುಡ್ಡ ಜಾರಿದ್ದು, ಕೆಸರು ಬಂಡೆ ಸುಮಾರು 8 ಕಿ.ಮೀ. ಹೊಳೆಗುಂಟ ಹರಿದದ್ದು ಗೊತ್ತಾಯ್ತು. ಗುಡ್ಡ ಕುಸಿದ ಮರುದಿನವೇ, ಜುಲೈ 31ರಂದು, ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಹೊಸ ಕರಡು ಅಧಿಸೂಚನೆ ಹೊರಬಂತು. ಗೆರೆ ಎಳೆಯೋದನ್ನ ಮುಂದೂಡುತ್ತಾ ಹೋದ್ರೂ ಬೆಲೆ ತೆರೋದು ಅದೇ ಊರಿನ ಜನ.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆ. ಹಳ್ಳಿಯ ಮನೆ ಜಾಗಗಳನ್ನ ಡ್ರೋನಿಂದ ಅಳೆದು ಹಕ್ಕುಪತ್ರ ಕೊಡೋದು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಡ್ರೋನ್ ಹಾರೋ ಮೊದಲು ಏನು ಮಾಡ್ತಾರೆ ಗೊತ್ತಾ? ಊರಿನವರನ್ನ ಸೇರಿಸಿ, ಅವರ ಎದುರೇ, ಮನೆ ಮನೆ ಗಡಿಗೆ ಸುಣ್ಣದ ಗೆರೆ ಹಾಕ್ತಾರೆ. ಆಮೇಲೆ ಡ್ರೋನ್. ಆಮೇಲೆ ನಕ್ಷೆ ತೋರಿಸಿ ಆಕ್ಷೇಪಣೆ ಕೇಳ್ತಾರೆ. ತಗಾದೆ ಇರಲ್ಲ ಅಂತ ಅಲ್ಲ. ಆದ್ರೆ ಕ್ರಮ ಸರಿಯಿದೆ: ಮೊದಲು ನೆಲದವರ ಮಾತು, ಆಮೇಲೆ ಆಕಾಶದ ಕಣ್ಣು.

ಮನೆ ಜಾಗಕ್ಕೆ ಇರೋ ಈ ಮರ್ಯಾದೆ ತೋಟಕ್ಕೆ, ಕಾಡಿಗೆ, ಗೋಮಾಳಕ್ಕೆ ಯಾಕಿಲ್ಲ?

8/8: ಏನು ಕೇಳೋಣ, ಏನು ಮಾಡೋಣ

ಕೇಳಬೇಕಾದ್ದು ಮೂರೇ.

ಒಂದು: ಉಪಗ್ರಹ ಚಿತ್ರ ಆಧರಿಸಿ ಒಂದು ಹಳ್ಳಿಯ ಬಗ್ಗೆ ಯಾವುದೇ ಅಧಿಸೂಚನೆ ಬಂದ್ರೆ, ಆ ಹಳ್ಳಿಯ ಸೂಕ್ಷ್ಮ ಚಿತ್ರ, ತೆಗೆದ ತಾರೀಖು, ಪಿಕ್ಸೆಲ್ ಅಳತೆ ಗ್ರಾಮ ಪಂಚಾಯ್ತಿ ಗೋಡೆಯ ಮೇಲೆ ಇರಬೇಕು. ಕನ್ನಡದಲ್ಲಿ.
ಎರಡು: ಎಲ್ಲೆಲ್ಲಿ ಇಳಿದು ಪರೀಕ್ಷೆ ಮಾಡಿದ್ರು, ಎಷ್ಟು ಕಡೆ ಹೆಸರು ತಪ್ಪಾಗಿತ್ತು ಅಂತ ಹೇಳಬೇಕು. ಯಾವ ನಕ್ಷೆಯೂ ನೂರಕ್ಕೆ ನೂರು ಸರಿ ಇರಲ್ಲ. ಅದನ್ನ ಹೇಳದೇ ಇರೋ ನಕ್ಷೆಯನ್ನ ನಂಬಬೇಡಿ.
ಮೂರು: ಗ್ರಾಮಸಭೆಯಲ್ಲಿ "ಈ ಚುಕ್ಕಿ ತಪ್ಪು" ಅಂತ ಹೇಳೋಕೆ ಸಮಯ ಕೊಡಬೇಕು. ಹೇಳಿದ್ದಕ್ಕೆ ಲಿಖಿತ ಉತ್ತರ ಬರಬೇಕು.

"ದೇಶದ ಭದ್ರತೆ" ಅಂತ ಆಕ್ಷೇಪ ಬರುತ್ತೆ. ಸೇನಾ ನೆಲೆಗಳನ್ನ ಮುಚ್ಚಿಡಿ, ಯಾರೂ ಬೇಡ ಅನ್ನಲ್ಲ. ಆದ್ರೆ ಕಾಫಿ ಕಣ, ಅಡಿಕೆ ಸಾಲು ಯಾವ ಗುಟ್ಟು? 2023ರ ಬಾಹ್ಯಾಕಾಶ ನೀತಿಯ ಪ್ರಕಾರ 5 ಮೀಟರ್ ಮತ್ತು ಅದಕ್ಕಿಂತ ದೊಡ್ಡ ಪಿಕ್ಸೆಲ್ಲಿನ ಇಸ್ರೋ ಚಿತ್ರಗಳು ಎಲ್ಲರಿಗೂ ಉಚಿತ. ಒಳ್ಳೆಯ ಹೆಜ್ಜೆ. ಅದಕ್ಕಿಂತ ಸೂಕ್ಷ್ಮವಾದದ್ದು ಸರ್ಕಾರಕ್ಕೆ ಉಚಿತ, ನಮಗೆ ದುಡ್ಡಿಗೆ. ತೀರ್ಮಾನ ನಮ್ಮ ಜಮೀನಿನದ್ದಾದ್ರೆ ಆ ಒಂದು ಹಳ್ಳಿಯ ಚಿತ್ರವಾದ್ರೂ ಬಿಟ್ಟಿ ಸಿಗಲಿ.

ಇನ್ನು ನಾವು. ಗೂಗಲ್ ಅರ್ಥ್ ತೆಗೆದು ಹಳೇ ಚಿತ್ರಗಳನ್ನ ನೋಡಿ, ನಿಮ್ಮೂರಿನದ್ದು. ಇಸ್ರೋದ ಭುವನ್ ನೋಡಿ. ದಿಶಾಂಕ್ ಆ್ಯಪಲ್ಲಿ ಸರ್ವೆ ನಂಬರ್ ನೋಡಿ. ಪ್ರತೀ ಚಿತ್ರಕ್ಕೂ ನಾಲ್ಕು ಪ್ರಶ್ನೆ ಹಾಕಿ: ಯಾವ ತಾರೀಖು? ಚುಕ್ಕಿ ಎಷ್ಟು ದೊಡ್ಡದು? ಮಳೆಗಾಲದ್ದಾ, ಎಲೆ ಉದುರೋ ಕಾಲದ್ದಾ? ಅಲ್ಲಿ ಹೋಗಿ ನೋಡಿದವರು ಯಾರು? "ಅಂದು–ಇಂದು" ಅಂತ ಎರಡು ಫೋಟೋ ಜೋಡಿಸಿ ಹಾಕೋ ರೀಲ್ಸ್ ಶೇರ್ ಮಾಡೋ ಮುಂಚೆಯೂ ಇದೇ ನಾಲ್ಕು. ಬೇಸಿಗೆಯ ಒಂದು, ಮಳೆಗಾಲದ ಒಂದು ಇಟ್ಟರೆ ಯಾವ ಕೆರೆಯನ್ನಾದ್ರೂ ಮಾಯ ಮಾಡಬಹುದು.

ಮನೆಯಲ್ಲಿ ಅಜ್ಜ ಅಜ್ಜಿ ಇದ್ರೆ ಫೋನ್ ಅವರ ಕೈಗೆ ಕೊಟ್ಟು ನಿಮ್ಮೂರಿನ ಚಿತ್ರ ತೋರಿಸಿ. ಪಿಕ್ಸೆಲ್ ಅಂದ್ರೆ ಅವರಿಗೆ ಗೊತ್ತಿರಲ್ಲ. ಆದ್ರೆ ಯಾವ ಹಸಿರು ಯಾವುದು ಅಂತ ಬೆರಳಿಟ್ಟು ಹೇಳ್ತಾರೆ. ಅವರು ಹೇಳಿದ್ದನ್ನ ತಾರೀಖು ಹಾಕಿ ಬರೆದಿಡಿ.

ನಿಮ್ಮೂರಲ್ಲಿ ನಕ್ಷೆ ಒಂದು ಹೇಳಿ, ನೆಲ ಇನ್ನೊಂದು ಹೇಳೋ ಜಾಗ ಇದೆಯಾ? ಯಾರ ಮನೆಯ ಗುರುತೂ ಸಿಗದ ಹಾಗೆ ಕಾಮೆಂಟಲ್ಲಿ ಬರೀರಿ. ಮುಂದಿನ ಸರಣಿಯಲ್ಲಿ ಅವುಗಳನ್ನೇ ಒಟ್ಟಿಗೆ ಕೂತು ಓದೋಣ.

#ಮೇಲಿಂದನೋಡಿದಊರು #ಹಸಿರುಚುಕ್ಕಿ #ಪಶ್ಚಿಮಘಟ್ಟ #ಮಲೆನಾಡು #ಕನ್ನಡದಲ್ಲಿವಿಜ್ಞಾನ